ಡಿಸ್ಟ್ರಿಬ್ಯೂಟರಿಗೆ ನಾಲ್ಕು ಹನಿ ಎಣ್ಣೆ

ಎಣ್ಣೆಯ ವಿಷಯದಲ್ಲಿ ನನ್ನ ಕೈ ತುಸು ಧಾರಾಳ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಹುಟ್ಟಿ ಬೆಳೆದ ಮುಂಡಗೋಡದ ಮನೆಯಲ್ಲಿ ಸಕಲ ರೋಗಕ್ಕೂ ಎಣ್ಣೆಯೇ ಮದ್ದಾಗಿತ್ತು. ಬಾಗಿಲು ಕಿರುಗುಟ್ಟಿದರೆ ಎಣ್ಣೆ. ಅಜ್ಜಿಯ ಮೊಣಕಾಲು ಕಿರುಗುಟ್ಟಿದರೂ ಅದೇ ಬಟ್ಟಲಿನ ಎಣ್ಣೆ. ಕೂಸು ಅತ್ತರೆ ನೆತ್ತಿಗೆ ಎರಡು ಹನಿ, ಕಿವಿ ನೋವಿಗೆ ಎರಡು ಹನಿ, ಬೀಗ ತೆರೆಯದಿದ್ದರೆ ಬೀಗದ ಬಾಯಿಗೆ ಎರಡು ಹನಿ. ಇಂಥ ಮನೆಯಿಂದ ಬಂದವಳು ಬಿ.ಎಸ್ಸಿ. ಓದಿ, ಬಿ.ಎಡ್. ಮುಗಿಸಿ, ಹಳಿಯಾಳದಲ್ಲಿ ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸಿದರೂ ಆ ಭಕ್ತಿ ಕರಗಲಿಲ್ಲ. ಎಣ್ಣೆಯಿಂದ ಘರ್ಷಣೆ ಕಡಿಮೆಯಾಗುತ್ತದೆ ಎಂದು ಬೋರ್ಡಿನ ಮೇಲೆ ಬರೆಯುವಾಗ ನನ್ನ ಧ್ವನಿಯೇ ಬದಲಾಗುತ್ತದೆಂದು ಹುಡುಗಿಯರು ಹಿಂದಿನ ಬೆಂಚಿನಲ್ಲಿ ನಗುತ್ತಾರಂತೆ. ಆದರೆ ಎಲ್ಲಿ ಎಣ್ಣೆ, ಎಷ್ಟು ಎಣ್ಣೆ ಎಂಬುದು ಪಠ್ಯಪುಸ್ತಕದಲ್ಲಿ ಇರಲಿಲ್ಲ. ಅದನ್ನು ಕಲಿಯುವಷ್ಟರಲ್ಲಿ ನನಗೆ ಐವತ್ತೇಳು ತುಂಬಿತ್ತು.

ಕಲಿಸಿದ್ದು ಅಪ್ಪನ ಕಾರು. ವಯಸ್ಸಿನಲ್ಲಿ ನನಗಿಂತ ಹಿರಿಯದು. ಗುಂಡು ಬೆನ್ನು, ದುಂಡು ಕಣ್ಣು, ಕಪ್ಪು ಮೈ. ಅಪ್ಪ ಮುಂಡಗೋಡದಲ್ಲಿ ಭತ್ತದ ವ್ಯಾಪಾರಿ. ಹಣೆಗೆ ವಿಭೂತಿ ಹಚ್ಚಿಕೊಂಡ ಮೇಲೆ ಉಳಿದದ್ದನ್ನು ಕಾರಿನ ಹಣೆಗೂ ಹಚ್ಚುತ್ತಿದ್ದ; ಆರೈಕೆಯೆಂದರೆ ಅಷ್ಟೇ. ಅವನು ತೀರಿಕೊಂಡ ಮೇಲೆ ಅಣ್ಣಂದಿರಿಬ್ಬರೂ ಹೊಲ ಹಂಚಿಕೊಂಡರು, ಅಂಗಡಿ ಹಂಚಿಕೊಂಡರು. ಕಾರಿನ ಮಾತು ಬಂದಾಗ ಮಾತ್ರ ಇಬ್ಬರಿಗೂ ಒಮ್ಮೆಲೇ ತಂಗಿಯ ಮೇಲೆ ಮಮತೆ ಉಕ್ಕಿ ಬಂತು. ಹೀಗೆ ಅದು ಹಳಿಯಾಳದ ನಮ್ಮ ಮನೆಯ ಅಂಗಳಕ್ಕೆ ಬಂದು ನಿಂತಿತು. ನಿಂತಿತು ಎಂಬ ಕ್ರಿಯಾಪದವನ್ನು ದಯವಿಟ್ಟು ಗಮನಿಸಬೇಕು, ಯಾಕೆಂದರೆ ಅದಕ್ಕೆ ಅತ್ಯಂತ ಚೆನ್ನಾಗಿ ಬರುತ್ತಿದ್ದ ಕೆಲಸ ಅದೇ.

ಒಮ್ಮೆ ಮುಂಡಗೋಡದ ಸಂತೆಯ ನಡುವೆ ನಿಂತಿತು. ನಾನು ಇಳಿದು ಬಾನೆಟ್ಟು ಎತ್ತುವಷ್ಟರಲ್ಲಿ ಮೆಣಸಿನಕಾಯಿ ಮಾರುವ ಹೆಂಗಸೊಬ್ಬಳು ಅದರ ನೆರಳಿನಲ್ಲಿ ತನ್ನ ಚೀಲ ಬಿಚ್ಚಿ ಕೂತುಬಿಟ್ಟಿದ್ದಳು. ಇನ್ನೊಮ್ಮೆ ದಾಂಡೇಲಿಯಲ್ಲಿ ಕಾಳಿ ನದಿಯ ಸೇತುವೆಯ ಮೇಲೆ ನಿಂತಿತು. ಹಿಂದಿನ ಬಸ್ಸಿನ ಪ್ರಯಾಣಿಕರೆಲ್ಲ ಇಳಿದು, ನದಿ ನೋಡಿ, ಫೋಟೋ ತೆಗೆಸಿಕೊಂಡು, ಕೊನೆಗೆ ನನ್ನ ಕಾರು ತಳ್ಳಿದರು. ಕೆಮ್ಮುವುದು, ಬಿಕ್ಕುವುದು, ಏರು ಬಂದರೆ ಸುಸ್ತಾಗುವುದು, ಇವೇ ಲಕ್ಷಣ. ಹಳಿಯಾಳದ ಗ್ಯಾರೇಜಿನವನೊಬ್ಬ ಇಂಜಿನ್ನಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿ, "ಅಕ್ಕೋರ, ಇದಕ್ಕ ಕಂಪ್ಯೂಟರ್ ಎಲ್ಲಿ ಹಚ್ಚಬೇಕ್ರಿ?" ಎಂದು ಕೇಳಿದ. ನಮ್ಮ ಕಡೆ ಶಿಕ್ಷಕಿಯರನ್ನೆಲ್ಲ ಅಕ್ಕೋರು ಎನ್ನುವುದು ರೂಢಿ. ನಾನು ಗಾಂಭೀರ್ಯದಿಂದ, "ಇಲ್ಲೆ ಕಂಪ್ಯೂಟರ್ ಇಲ್ಲಪ, ಡಿಸ್ಟ್ರಿಬ್ಯೂಟರ್ ಐತಿ" ಎಂದೆ. ಅದನ್ನು ಬಿಚ್ಚಲು ಅವನಿಗೂ ಧೈರ್ಯವಿರಲಿಲ್ಲ, ನನಗೂ ಇರಲಿಲ್ಲ. ನಾನು ಮಾಡುತ್ತಿದ್ದದ್ದು ಒಂದೇ. ಪ್ರತಿ ಅಮಾವಾಸ್ಯೆಗೆ ಗಾಡಿ ಪೂಜೆ ಮಾಡಿ, ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಹೊಲಿಗೆ ಮಷೀನಿನ ಎಣ್ಣೆಯನ್ನು ಮನಸ್ಸು ತುಂಬುವವರೆಗೆ ಸುರಿಯುತ್ತಿದ್ದೆ.

ಈ ಡಿಸ್ಟ್ರಿಬ್ಯೂಟರು ಎಂದರೆ ಏನೆಂದು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ, ಪಾಠ ಮಾಡುವುದಿಲ್ಲ. ಇಂಜಿನ್ನಿಗೆ ನಾಲ್ಕು ಬಾಯಿ. ನಾಲ್ಕಕ್ಕೂ ಸರದಿಯ ಮೇಲೆ, ಸರಿಯಾದ ಗಳಿಗೆಗೆ ಬೆಂಕಿಯ ಕಿಡಿ ಬಡಿಸುವವನು ಇವನು. ಪಂಕ್ತಿಯಲ್ಲಿ ಬಡಿಸುವವನು ತಡಮಾಡಿದರೆ, ಒಂದು ಎಲೆ ಬಿಟ್ಟು ಮುಂದೆ ಹೋದರೆ ಏನಾಗುತ್ತದೋ ನಮ್ಮ ಕಾರಿಗೂ ಅದೇ ಆಗುತ್ತಿತ್ತು.

ನಮ್ಮ ಮನೆಯವರಿಗೆ ಗೊಬ್ಬರ ಮತ್ತು ಬೀಜದ ಅಂಗಡಿ. ಮಾತನ್ನೂ ತಕ್ಕಡಿಯಲ್ಲಿ ತೂಗಿ ಕೊಡುವ ಮನುಷ್ಯ; ಒಂದು ಗುಂಜಿ ಹೆಚ್ಚು ಬೀಳುವುದಿಲ್ಲ. ಒಂದು ದಿನ ಜೋಯಿಡಾ ಕಡೆಯ ರಿಸಾರ್ಟಿನ ಮಾಲೀಕರೊಬ್ಬರನ್ನು ಅಂಗಡಿಯಿಂದ ಮನೆಗೆ ಕರೆತಂದರು. ಮಾಲೀಕರು ಕಾರಿನ ಸುತ್ತ ಸುತ್ತಿ, ಬಹಳ ಸಂತೋಷಪಟ್ಟು, "ಮೇಡಂ, ಇದನ್ನು ನಮಗೆ ಕೊಡಿ. ಗೇಟಿನ ಹತ್ತಿರ ಇಡ್ತೇವೆ. ಇಂಜಿನ್ ತೆಗೆದು ಅಲ್ಲಿ ಹೂವಿನ ಗಿಡ ಹಾಕ್ತೇವೆ. ಹೆಡ್‌ಲೈಟಿನಲ್ಲಿ ಕ್ರೋಟನ್. ಬಂದವರೆಲ್ಲ ಸೆಲ್ಫಿ ತಗೊಳ್ತಾರೆ" ಎಂದರು. ನನ್ನ ಅಪ್ಪನ ಕಾರಿನ ಹೊಟ್ಟೆಯಲ್ಲಿ ಸೇವಂತಿಗೆ! ನಾನು ಒಳಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಅವರು ಹೋದ ಮೇಲೆ ಮನೆಯವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ನೋಡು, ಅವರು ಬರೂ ರವಿವಾರ ಟ್ರಕ್ ತರ್ತಾರ. ಅಷ್ಟರಾಗ ಇದು ಸಾಂಬ್ರಾಣಿ ಹಳ್ಳಿತನಕ ಹೋಗಿ ನಿಲ್ಲದ ತಿರುಗಿ ಬಂದ್ರ ಇರ್ಲಿ. ಇಲ್ಲಾಂದ್ರ ಹೂವರ ಅರಳ್ಲಿ" ಎಂದರು. ಅವರ ಮಟ್ಟಿಗೆ ಅದು ಒಂದು ವಾರಕ್ಕೆ ಸಾಲುವಷ್ಟು ಮಾತು.

ಶಾಲೆಯಲ್ಲಿ ನನ್ನ ಮುಖ ನೋಡಿ ಡ್ರಾಯಿಂಗ್ ಮಾಸ್ತರರು ವಿಚಾರಿಸಿದರು. ಅವರು ದಾಂಡೇಲಿಯವರು. "ಅದಕ್ಯಾಕ ಚಿಂತಿ ಮಾಡ್ತೀರಿ? ಕಾಗದದ ಮಿಲ್ಲಿನ ಗಾಡಿ ಶೆಡ್ಡಿನ್ಯಾಗ ಈರಪ್ಪ ಅಂತ ಫಿಟ್ಟರ್ ಇದ್ರು. ರಿಟೈರ್ ಆಗ್ಯಾರ. ಹಳೇ ಡಿಸ್ಟ್ರಿಬ್ಯೂಟರ್ ಅಂದ್ರ ಈ ನಾಲ್ಕು ತಾಲೂಕಿನ್ಯಾಗ ಅವರೊಬ್ರ" ಎಂದು ನಂಬರು ಕೊಟ್ಟರು. ಹೆಸರು ಕೇಳಿದ ಕೂಡಲೇ ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು.

ಯಾಕೆ ಮುರಿಯಿತೆಂದು ಹೇಳಬೇಕಾದರೆ ಮೂವತ್ತೆರಡು ವರ್ಷ ಹಿಂದೆ ಹೋಗಬೇಕು. ಆಗ ನನ್ನನ್ನು ನೋಡಲು ಒಬ್ಬ ವರ ಬಂದಿದ್ದ. ದಾಂಡೇಲಿಯ ಮಿಲ್ಲಿನಲ್ಲಿ ಫಿಟ್ಟರ್, ಧಾರವಾಡ ಕಡೆಯ ಮಂದಿ, ಹೆಸರು ಈರಪ್ಪ. ಅಪ್ಪ ಅವರನ್ನು ಬಸ್ ಸ್ಟ್ಯಾಂಡಿನಿಂದ ಇದೇ ಕಾರಿನಲ್ಲಿ ಕರೆತರುವಾಗ ಅದು ದಾರಿಯಲ್ಲಿ ನಿಂತಿತು. ವರ ಇಳಿದು ಬಾನೆಟ್ಟಿನೊಳಗೆ ತಲೆ ಹಾಕಿದವನು ಒಂದು ತಾಸು ತೆಗೆಯಲಿಲ್ಲ. ಮನೆಗೆ ಬಂದಾಗ ಮೊಣಕೈವರೆಗೆ ಮಸಿ. ಎಷ್ಟು ತೊಳೆದರೂ ಹೋಗದ ಆ ಕೈಯಿಂದಲೇ ಉಪ್ಪಿಟ್ಟು ತಿಂದು, ನನ್ನ ಕಡೆ ಒಮ್ಮೆಯೂ ಕಣ್ಣೆತ್ತದೆ ಹೋದ. ನಮ್ಮ ಮನೆಯ ಇತಿಹಾಸದ ಪ್ರಕಾರ ಅಪ್ಪ, "ಮಸಿ ಕೈಯವಗ ನನ್ನ ಮಗಳನ್ನ ಕೊಡೂದಿಲ್ಲ" ಎಂದು ಹೇಳಿ ಕಳಿಸಿದ. ನನಗೇನೂ ಬೇಸರವಾಗಲಿಲ್ಲ. ಬದಲಾಗಿ ಇಷ್ಟು ವರ್ಷ ಆಗಾಗ ಒಂದು ಬಗೆಯ ದೊಡ್ಡತನದ ಕನಿಕರ ಹುಟ್ಟುತ್ತಿತ್ತು: ಪಾಪ, ನಾಚಿಕೆಯ ಹುಡುಗ, ಎಷ್ಟು ನೊಂದನೋ ಏನೋ!

ಹೆಸರು ಹೇಳದೆ, ಹಳಿಯಾಳದ ಶಾಲೆಯ ಅಕ್ಕೋರು ಎಂದಷ್ಟೇ ಹೇಳಿ ಫೋನು ಮಾಡಿದೆ. ಆ ಕಡೆಯ ಧ್ವನಿ ನಿಧಾನ: "ಗಾಡಿ ತರಾಕ ಬರೂದಿಲ್ಲಂದ್ರ ಡಿಸ್ಟ್ರಿಬ್ಯೂಟರ್ ಅಷ್ಟ ಬಿಚ್ಚಿಕೊಂಡು ಬರ್ರಿ. ಬಿಚ್ಚೂಕ್ಕಿಂತ ಮದಲ ಒಳಗಿನ ರೋಟರ್ ಯಾ ಕಡೆ ಮಾರಿ ಮಾಡೇತಿ ಅಂತ ಅಂಚಿನ ಮ್ಯಾಲ ಗುರ್ತು ಹಾಕ್ರಿ. ಆಮ್ಯಾಲ ಇಂಜಿನ್ ತಿರಗಸಬ್ಯಾಡ್ರಿ." ಗುರುತಿಗೆ ಉಗುರು ಬಣ್ಣ ಬಳಸಿದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳಿಂದ ಜಪ್ತಿ ಮಾಡಿದ್ದು, ಗಾಢ ಕೆಂಪು. ಒಂದು ಬೋಲ್ಟು, ಐದು ತಂತಿ. ಇಡೀ ಡಿಸ್ಟ್ರಿಬ್ಯೂಟರು ಕೈಗೆ ಬಂತು. ಅದನ್ನು ಪಂಜೆಯಲ್ಲಿ ಸುತ್ತಿ, ಸ್ಟೀಲಿನ ಡಬ್ಬಿಯಲ್ಲಿಟ್ಟು, ಗುರುವಾರ ರಜೆ ಹಾಕಿ ದಾಂಡೇಲಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಡಬ್ಬಿಯನ್ನು ತೊಡೆಯ ಮೇಲೆ ಅವಚಿಕೊಂಡು ಕೂತದ್ದನ್ನು ನೋಡಿ ಪಕ್ಕದ ಅಜ್ಜಿ, "ಬಾಣಂತಿಗೆ ಏನ ಒಯ್ಯಾಕತ್ತೀಯವ್ವಾ?" ಎಂದಳು. "ಅಂಟಿನುಂಡಿ" ಎಂದೆ. ಆ ದಿನ ನಾನು ಹೇಳಿದ ಮೊದಲ ಸುಳ್ಳು ಅದು. ಎರಡನೆಯದರ ಮುಂದೆ ಅದು ಏನೂ ಅಲ್ಲ.

ಈರಪ್ಪನವರಿಗೆ ತಲೆ ಪೂರಾ ಬೆಳ್ಳಗಾಗಿತ್ತು. ಕಟ್ಟೆಯ ಮೇಲೆ ಚಾಪೆ ಹಾಸಿ, ಸೀಮೆಎಣ್ಣೆಯ ತಟ್ಟೆ, ಹಳೆಯ ಹಲ್ಲುಜ್ಜುವ ಬ್ರಶ್ಶು, ಸಣ್ಣ ಸ್ಕ್ರೂಡ್ರೈವರುಗಳನ್ನು ಪೂಜೆಯ ಸಾಮಾನಿನಂತೆ ಜೋಡಿಸಿಟ್ಟಿದ್ದರು. ಅವರ ಹೆಂಡತಿ ಗಂಗವ್ವ ದುಂಡು ಮುಖದ, ಹರಟೆಯ ಹೆಂಗಸು. ಬಂದ ಕೂಡಲೇ ನೀರು, ಬೆಲ್ಲ ಕೊಟ್ಟರು. ಈರಪ್ಪನವರು ನನ್ನನ್ನು ಗುರುತಿಸುತ್ತಾರೆಂದು ನಾನು ಸೆರಗು ಸರಿಮಾಡಿಕೊಂಡು, ಕನಿಕರದ ಮುಖ ಸಿದ್ಧ ಮಾಡಿಕೊಂಡು ಕೂತೆ. ಅವರು ನನ್ನ ಕಡೆ ನೋಡಲೇ ಇಲ್ಲ. ಡಬ್ಬಿಯ ಕಡೆ ಕೈ ಚಾಚಿದರು.

ಮುಚ್ಚಳ ತೆಗೆದವರೇ, "ಯಾರ್ರಿ ಇದಕ್ಕ ಅಭ್ಯಂಜನ ಮಾಡಿಸಿದವರು?" ಎಂದರು.

"ನಾನ... ಅಮಾಸಿಗೊಮ್ಮೆ ಸ್ವಲ್ಪ ಎಣ್ಣಿ..."

"ಸ್ವಲ್ಪ ಏನ್ರಿ ಅಕ್ಕೋರ, ಬಜಿ ಕರೀಬಹುದು ಇದರಾಗ! ಈ ಎರಡು ಪಾಯಿಂಟ್ ನೋಡ್ರಿ. ಇವು ಕೂಡಿ ಬಿಟ್ಟಾಗ ಕಿಡಿ ಹುಟ್ತೈತಿ. ಇಲ್ಲೆ ಒಣಾ ಒಣಾ ಇರಬೇಕು. ನೀವು ಇಲ್ಲೆ ಎಣ್ಣಿ ಸುರುವೀರಿ, ಸುಟ್ಟು ಕರ್‍ರಗಾಗ್ಯಾವು. ಇನ್ನ ಎಣ್ಣಿ ಬೇಕಾದಲ್ಲೆ..." ಎನ್ನುತ್ತ ಅವರು ಒಳತಟ್ಟೆ ಬಿಚ್ಚಿ ಕೆಳಗೆ ತೋರಿಸಿದರು. ಅಲ್ಲಿ ಎರಡು ಪುಟ್ಟ ಕಬ್ಬಿಣದ ಗುಂಡುಗಳು, ಕೂದಲಿನಂಥ ಎರಡು ಸ್ಪ್ರಿಂಗು. ಇಂಜಿನ್ನಿನ ವೇಗ ಹೆಚ್ಚಿದಾಗ ಆ ಗುಂಡುಗಳು ಹೊರಗೆ ಸರಿದು ಕಿಡಿಯನ್ನು ತುಸು ಮುಂಚೆ ಹುಟ್ಟಿಸಬೇಕಂತೆ. ಅವು ಹಳೆಯ ಗ್ರೀಸಿನಲ್ಲಿ ಅಂಟಿಕೊಂಡು ಕಲ್ಲಾಗಿದ್ದವು. "ಅದಕ್ಕ ನಿಮ್ಮ ಗಾಡಿ ಏರು ಹತ್ತೂದಿಲ್ಲ" ಎಂದರು. ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು ಹೋಂವರ್ಕ್ ಮಾಡದ ಹುಡುಗಿಯಂತೆ ತಲೆ ತಗ್ಗಿಸಿದೆ.

ಒಂದೊಂದೇ ತುಂಡು ಸೀಮೆಎಣ್ಣೆಯಲ್ಲಿ ತೊಳೆದು ಬಟ್ಟೆಯ ಮೇಲೆ ಸಾಲಾಗಿ ಇಡುತ್ತ ಹೋದರು. ನಡುವಿನ ದಂಡವನ್ನು ಹೊರಗೆಳೆದಾಗ ಅದರ ಬುಡದಲ್ಲಿ ತೆಳ್ಳನೆಯ ಹಿತ್ತಾಳೆಯ ಬಳೆಯೊಂದು ಕಂಡಿತು. ಈರಪ್ಪನವರ ಕೈ ನಿಂತಿತು. ಬಿಸಿಲಿಗೆ ಹಿಡಿದು ನೋಡಿದರು. "ಈ ವಾಷರ್ ನಾನ ಕತ್ತರಿಸಿದ್ದು" ಎಂದರು. "ಹಳೇ ಟಾರ್ಚ್ ಡಬ್ಬಿದು ಹಿತ್ತಾಳಿ. ಇದು ಮುಂಡಗೋಡದ ಭತ್ತದ ಸಾಹುಕಾರ್ರ ಗಾಡಿದಲ್ರಿ? ಗಂಗಾ, ಬಾ ಇಲ್ಲೆ! ಹುಡುಗಿ ನೋಡಾಕ ಹೋಗಿ ಗಾಡಿ ನೋಡಿ ಬಂದೆ ಅಂತ ಹೇಳ್ತಿದ್ನೆಲ್ಲಾ, ಅದ ಗಾಡಿ!"

ನಾನು ಸೆರಗನ್ನು ಇನ್ನೊಮ್ಮೆ ಸರಿಮಾಡಿಕೊಂಡೆ. ಗಂಗವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ಹೌದ? ಆ ಹುಡುಗಿ ಹೆಂಗಿದ್ಲು ಅಂತ ಇವತ್ತರ ಹೇಳ್ರಿ."

"ಯಾರಿಗೆ ನೆನಪೈತಿ? ಹಸರು ಸೀರಿ ಇತ್ತೋ ಏನೋ. ಆದ್ರ ಗಾಡಿ ನೆನಪೈತಿ ನೋಡು, ದಂಡ ಒಣಗಿ ಕಿರ್‍ರ್ ಅಂತಿತ್ತು. ಹುಡುಗಿ ಅಪ್ಪ ಎರಡು ಸಲ ಹೇಳಿ ಕಳಿಸಿದ್ರು, ಒಪ್ಪಿಗಿ ಐತಿ ಅಂತ. ನಾನ ಬ್ಯಾಡ ಅಂದೆ. ಮನಿ ಮುಂದಿನ ಗಾಡಿಗೆ ಎರಡು ಹನಿ ಎಣ್ಣಿ ಹಾಕದವರು ಅಳಿಯಗ ಏನ್ ತುಪ್ಪಾ ಹಾಕ್ತಾರ?"

ಗಂಡಹೆಂಡತಿ ಇಬ್ಬರೂ ಮನಸಾರೆ ನಕ್ಕರು. ನಾನೂ ನಕ್ಕೆ; ಒಬ್ಬಳೇ ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲ. ಮೂವತ್ತೆರಡು ವರ್ಷ ಜೋಪಾನ ಮಾಡಿದ ಕನಿಕರ ಸೀಮೆಎಣ್ಣೆಯ ತಟ್ಟೆಯಲ್ಲಿ ಮುಳುಗಿಹೋಯಿತು. ಮತ್ತೆ ಈರಪ್ಪನವರು ಸೌಜನ್ಯದಿಂದ, "ಆ ಸಾಹುಕಾರ್ರು ನಿಮಗೇನಾಗಬೇಕ್ರಿ?" ಎಂದರು. ನಾನು ಅಪ್ಪ ಎಂದೆ. "ಹಂಗಾದ್ರ ಆ ಹುಡುಗಿ?" ನನ್ನ ಬಾಯಿಂದ ಎರಡನೆಯ ಸುಳ್ಳು ಹೊರಬಿತ್ತು: "ನಮ್ಮ ಅಕ್ಕ ಇರಬೇಕ್ರಿ." ನನಗೆ ಅಕ್ಕ ಇಲ್ಲ. ಇಬ್ಬರು ಅಣ್ಣಂದಿರಿಗೆ ನಾನೊಬ್ಬಳೇ ತಂಗಿ.

ಚಹಾ ಕೊಡುವ ನೆಪದಲ್ಲಿ ಗಂಗವ್ವ ನನ್ನನ್ನು ಒಳಗೆ ಕರೆದು ಮೆಲ್ಲಗೆ, "ಅಕ್ಕೋರ, ಹಸರು ಸೀರಿ ನೀವ ಉಟ್ಟಿದ್ರಿ ಹೌದಲ್ಲೋ?" ಎಂದರು. ನಾನು ತಲೆಯಾಡಿಸಿದೆ. "ಮನಸಿಗೆ ಹಚ್ಚಿಕೋಬ್ಯಾಡ್ರಿ. ನಮ್ಮಪ್ಪನ ಮನ್ಯಾಗ ಎತ್ತಿನ ಬಂಡಿ ಇತ್ತು. ಗಾಲಿಗೆ ಕೀಲೆಣ್ಣಿ ಚಲೋ ಬಿಟ್ಟಿದ್ರಂತ. ಅದನ್ನ ನೋಡಿ ನನ್ನ ಒಪ್ಪಿಕೊಂಡಾರ, ನನ್ನ ಮಾರಿ ನೋಡಿ ಅಲ್ಲ!" ಇಬ್ಬರೂ ಚಹಾದ ಬಟ್ಟಲು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಆ ಗಳಿಗೆಯಿಂದ ನನಗೆ ನಿಜಕ್ಕೂ ಒಬ್ಬಳು ಅಕ್ಕ ಸಿಕ್ಕಳೆಂದೇ ಹೇಳಬೇಕು.

ಮತ್ತೆ ಕಟ್ಟೆಗೆ ಬಂದಾಗ ಈರಪ್ಪನವರು ಹೊಸ ಪಾಯಿಂಟುಗಳನ್ನು ಕೂಡಿಸಿಕೊಂಡು ಸುಮ್ಮನೆ ಕೂತಿದ್ದರು. ಆ ಎರಡರ ನಡುವೆ ಕೂದಲೆಳೆಯ ಸಂದು ಇಡಬೇಕು. ಅವರ ಕಣ್ಣಿಗೆ ಅದು ಈಗ ಕಾಣುತ್ತಿರಲಿಲ್ಲ. "ಕೈ ಇನ್ನೂ ಮಾತು ಕೇಳ್ತಾವ್ರಿ. ಕಣ್ಣು ಕೇಳೂದಿಲ್ಲ. ನೀವ ಇಡ್ರಿ." ಅಳತೆಯ ತೆಳು ಪಟ್ಟಿಯನ್ನು ಸಂದಿಗೆ ಹೇಗೆ ತೂರಿಸಬೇಕು, ಎಳೆದಾಗ ಬೆಣ್ಣೆಯಲ್ಲಿ ಚಾಕು ಹೋದಂತೆ ತುಸುವೇ ತಡೆ ಹೇಗಿರಬೇಕು ಎಂದು ಹೇಳಿದರು. ನಾಲ್ಕು ಸಲ ತಪ್ಪಿದೆ. ಐದನೆಯ ಸಲ ಅವರು ತಾವೇ ಪಟ್ಟಿ ಎಳೆದು ನೋಡಿ, "ಪಾಸ್" ಎಂದರು. ಜೀವನದಲ್ಲಿ ಸಾವಿರಾರು ಮಕ್ಕಳಿಗೆ ಆ ಶಬ್ದ ಬರೆದಿದ್ದೇನೆ. ಅದು ಇಷ್ಟು ಸಿಹಿ ಎಂದು ಗೊತ್ತಿರಲಿಲ್ಲ. ಆಮೇಲೆ ಎಣ್ಣೆ. ಸೂಜಿಯ ಮೊನೆಯಿಂದ ದಂಡಕ್ಕೊಂದು ಹನಿ, ಅದರ ನೆತ್ತಿಯ ಉಣ್ಣೆಯ ಬತ್ತಿಗೊಂದು, ಒಳಗಿನ ಗುಂಡುಗಳಿಗೊಂದು, ಪಾಯಿಂಟಿನ ಕೀಲಿಗೊಂದು. ಮೇಲಿನ ಉಬ್ಬುಗಳಿಗೆ ಸಾಸಿವೆ ಕಾಳಿನಷ್ಟು ಗ್ರೀಸು. ಐದನೆಯ ಹನಿಗೆ ನನ್ನ ಕೈ ಮುಂದೆ ಹೋದಾಗ ಅವರು ಬಾಟಲಿಯನ್ನು ತಮ್ಮ ಹಿಂದೆ ಇಟ್ಟುಕೊಂಡರು.

ರವಿವಾರ ಬೆಳಿಗ್ಗೆ ಗಂಡಹೆಂಡತಿ ಇಬ್ಬರೂ ಹಳಿಯಾಳಕ್ಕೆ ಬಂದರು. ಅವರ ಹಿಂದೆಯೇ ರಿಸಾರ್ಟಿನ ಮಾಲೀಕರು ಟ್ರಕ್ಕಿನೊಂದಿಗೆ ಬಂದರು. ಅಳತೆ ನೋಡಲು ಎರಡು ಹೂಕುಂಡಗಳನ್ನೂ ತಂದಿದ್ದರು. ಈರಪ್ಪನವರು ಡಿಸ್ಟ್ರಿಬ್ಯೂಟರನ್ನು ಇಂಜಿನ್ನಿನ ಗೂಡಿಗೆ ಇಳಿಸುತ್ತ, "ಅಕ್ಕೋರ, ನಿಮ್ಮ ಗುರ್ತು ಯಾವುದ್ರಿ? ಇಲ್ಲೆ ಎರಡು ಕೆಂಪು ಚುಕ್ಕಿ ಅದಾವು" ಎಂದರು. ಎದುರು ಬದುರು ಎರಡು ಚುಕ್ಕೆ. ಒಂದು ನಾನು ಇಟ್ಟದ್ದು, ಇನ್ನೊಂದು ಉಗುರು ಬಣ್ಣದ ಬ್ರಶ್ಶಿನಿಂದ ಸಿಡಿದದ್ದು. ಯಾವುದು ಯಾವುದೆಂದು ನನಗೆ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವ ಅಭ್ಯಾಸ ಶಿಕ್ಷಕರಿಗಿರುವುದಿಲ್ಲ. "ಈ ಕಡೇದು" ಎಂದು ಬೆರಳು ತೋರಿಸಿದೆ.

ನಾನು ಕಾರಿನಲ್ಲಿ ಕೂತು ಸ್ಟಾರ್ಟರ್ ಎಳೆದೆ. ಕುರ್ ಕುರ್ ಎಂದಿತು, ಹಿಡಿಯಲಿಲ್ಲ. ಆ ನಡುವೆ ಈರಪ್ಪನವರು ನಮ್ಮ ಮನೆಯವರ ಕಡೆ ತಿರುಗಿ, "ಅಂದಂಗ ಅಕ್ಕೋರ ಅಕ್ಕಾರು ಈಗ ಎಲ್ಲಿ ಇರ್ತಾರ್ರಿ?" ಎಂದು ಕೇಳಿದ್ದು ಕಿಟಕಿಯಿಂದ ಕೇಳಿಸಿತು. ಮನೆಯವರು, "ಅಕ್ಕ? ಇಕಿಗೆ ಅಕ್ಕನ ಇಲ್ಲಲ್ರಿ" ಎಂದರು. ನಾನು ಗಾಬರಿಯಲ್ಲಿ ಮತ್ತೊಮ್ಮೆ ಸ್ಟಾರ್ಟರ್ ಎಳೆದೆ. ಸೈಲೆನ್ಸರಿನಿಂದ ಢಂ ಎಂದು ಹೊಡೆದ ಸದ್ದಿಗೆ ಮರದ ಕಾಗೆಗಳೆಲ್ಲ ಎದ್ದವು, ಮಾಲೀಕರ ಕೈಯಿಂದ ಒಂದು ಕುಂಡ ಜಾರಿ ಒಡೆಯಿತು, ಪಕ್ಕದ ಮನೆಯವರು ಯಾರದೋ ಮದುವೆಯೆಂದು ಹೊರಗೆ ಬಂದರು.

ಹೊಗೆ ಕರಗಿದಾಗ ಈರಪ್ಪನವರು ನನ್ನನ್ನೇ ನೋಡುತ್ತಿದ್ದರು. ಮೂವತ್ತೆರಡು ವರ್ಷಗಳಲ್ಲಿ ಮೊದಲ ಸಲ, ಸರಿಯಾಗಿ. ಅವರ ಕಿವಿಗಳು ಕೆಂಪಗಾದವು. "ಶಿವಶಿವಾ. ತುಪ್ಪದ ಮಾತು ನಿಮ್ಮ ಮುಂದನ ಆಡಿದೆನಲ್ರಿ ಯವ್ವಾ!" ಗಂಗವ್ವ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮನೆಯವರಿಗೆ ವಿಷಯವೆಲ್ಲ ಬಿಡಿಸಿ ಹೇಳಿದ್ದೂ ಅವರೇ. ನಮ್ಮ ಮನೆಯವರು ಗಂಭೀರವಾಗಿ ಕೇಳಿದರು, ತೂಗಿದರು, ಆಮೇಲೆ ನಾನು ಎಂದೂ ಕಂಡಿರದ ಹಾಗೆ ಗಹಗಹಿಸಿ ನಕ್ಕರು. ನಗುವಿನ ನಡುವೆಯೇ ಈರಪ್ಪನವರು, "ಅಕ್ಕೋರ, ಗುರ್ತೂ ಸುಳ್ಳ ಹೇಳೀರಿ. ಅರ್ಧ ಸುತ್ತು ತಿರುಗಿ ಕುಂತೈತಿ" ಎಂದು ಡಿಸ್ಟ್ರಿಬ್ಯೂಟರನ್ನು ಎತ್ತಿ, ಇನ್ನೊಂದು ಚುಕ್ಕೆಗೆ ತಿರುಗಿಸಿ ಕೂಡಿಸಿದರು. ಈ ಸಲ ಅರ್ಧ ಎಳೆಯುವಷ್ಟರಲ್ಲಿ ಇಂಜಿನ್ನು ಹಿಡಿಯಿತು. ಕೆಮ್ಮಿಲ್ಲ, ಬಿಕ್ಕಿಲ್ಲ, ಊಟ ಮಾಡಿ ಮಲಗಿದ ಬೆಕ್ಕಿನ ಸದ್ದು.

ಸಾಂಬ್ರಾಣಿಗೆ ಐದೂ ಜನ ಹೋದೆವು. ನಾನು ಚಾಲಕಿ, ಪಕ್ಕದಲ್ಲಿ ಈರಪ್ಪನವರು ಕಣ್ಣು ಮುಚ್ಚಿ ಇಂಜಿನ್ನಿಗೆ ಕಿವಿ ಕೊಟ್ಟು. ಹಿಂದೆ ಗಂಗವ್ವ, ನಮ್ಮ ಮನೆಯವರು, ಮತ್ತು ಉಳಿದ ಒಂದು ಹೂಕುಂಡವನ್ನು ತೊಡೆಯ ಮೇಲಿಟ್ಟುಕೊಂಡ ಮಾಲೀಕರು. ದಾರಿಯಲ್ಲಿ ಏರು ಬಂತು. ಕಾರು ಒಂದು ಸಲವೂ ಸುಸ್ತೆನ್ನದೆ ಹತ್ತಿತು. ಸಾಂಬ್ರಾಣಿಯಲ್ಲಿ ಚಹಾ ಕುಡಿದೆವು. ಭತ್ತದ ಗದ್ದೆಯಿಂದ ಬಂದ ಇಬ್ಬರು ರೈತರು ಮನೆಯವರ ಗುರುತು ಹಿಡಿದು ಯೂರಿಯಾ ಬಂತೇನ್ರಿ ಎಂದು ಕೇಳಿದರು, ಕಾರಿನ ಕಡೆ ನೋಡಲೂ ಇಲ್ಲ. ವಾಪಸು ಬಂದು ಇಳಿಯುವಾಗ ಮಾಲೀಕರು ಹೂಕುಂಡವನ್ನು ನನ್ನ ಕೈಗೆ ಕೊಟ್ಟು, "ಇದನ್ನು ಮನೆ ಒಳಗೇ ಇಟ್ಟುಕೊಳ್ಳಿ ಮೇಡಂ" ಎಂದು ಖಾಲಿ ಟ್ರಕ್ಕಿನಲ್ಲಿ ಹೋದರು. ಒಳ್ಳೆಯ ಮನುಷ್ಯ.

ಎಲ್ಲರೂ ಹೋದ ಮೇಲೆ ಸಂಜೆ ಅಂಗಳದಲ್ಲಿ ಕೂತಾಗ ನನಗೆ ಒಂದು ಚಪಲ ಹುಟ್ಟಿತು. ಈರಪ್ಪನವರು ಎಣ್ಣೆ ಇಲ್ಲವೆಂದು ನನ್ನನ್ನು ಬಿಟ್ಟರು. ಗಂಗವ್ವನನ್ನು ಕೀಲೆಣ್ಣೆ ನೋಡಿ ಒಪ್ಪಿದರು. ಹಾಗಾದರೆ ನಮ್ಮವರು? ಇಷ್ಟು ವರ್ಷ ನಾನು ಕೇಳಿರಲಿಲ್ಲ, ಉತ್ತರ ಗೊತ್ತಿದೆಯೆಂದುಕೊಂಡಿದ್ದೆ. "ರೀ, ನೀವು ನನ್ನ ನೋಡಾಕ ಬಂದಾಗ ಏನ್ ನೋಡಿ ಹೂಂ ಅಂದ್ರಿ?" ಎಂದೆ. ಅವರು ಬಹಳ ಹೊತ್ತು ತೂಗಿದರು.

"ಅವತ್ತ ನಾ ಬ್ಯಾಡ ಅನ್ನವನ ಇದ್ದೆ. ಹೇಳಾಕ ಬಾಯಿ ಬರಲಿಲ್ಲ, ಪತ್ರಾ ಬರೆದ್ರಾತು ಅಂತ ಬಿಟ್ಟೆ. ಬಸ್ ಸ್ಟ್ಯಾಂಡಿಗೆ ಬಿಡ್ತೇನಿ ಅಂತ ನಿಮ್ಮಪ್ಪಾರು ಕಾರ್ ತಗದ್ರು. ಅದು ಅಂಗಳದಾಗ ನಿಂತುಬಿಡ್ತು. ಹುಬ್ಬಳ್ಳಿ ಬಸ್ ಹೋತು. ಮರುದಿನ ಮಧ್ಯಾಹ್ನದ ಬಸ್ಸಿನತನಕ ನಿಮ್ಮ ಮನ್ಯಾಗ ಇರಬೇಕಾತು. ಅಷ್ಟೂ ಹೊತ್ತು ನೀ ಬಂದು ಬಂದು ಕಾರಿಗೆ ಬೈದಿ." ಅವರು ಚಹಾದ ಬಟ್ಟಲಿನ ಕೊನೆಯ ಗುಟುಕು ಕುಡಿದರು. "ಬೈಯ್ಯೂದು ಚಲೋ ಬೈದಿ."

ಅಷ್ಟು ಹೇಳಿ ಎದ್ದು ಅಂಗಡಿಯ ಬಾಗಿಲು ತೆರೆಯಲು ಹೊರಟುಹೋದರು. ಇದು ಹೊಗಳಿಕೆಯೋ ದೂರೋ ತಿಳಿಯದೆ ನಾನು ಕಾರಿನ ಕಡೆ ನೋಡುತ್ತ ಕೂತೆ. ಆ ದಿನ ಅಪ್ಪ ನಾಲ್ಕು ಹನಿ ಎಣ್ಣೆ ಹಾಕಿದ್ದರೆ ನನಗೆ ಮದುವೆಯೇ ಆಗುತ್ತಿರಲಿಲ್ಲ ಎಂಬ ಲೆಕ್ಕ ಮಾತ್ರ ಸ್ಪಷ್ಟವಾಗಿತ್ತು. ವಿಜ್ಞಾನದ ಶಿಕ್ಷಕಿ ನೋಡಿ, ಕಾರ್ಯಕಾರಣ ಸಂಬಂಧ ಬೇಗ ಹೊಳೆಯುತ್ತದೆ.